ಪುಣೆಯಿಂದ ಗೋವಾಕ್ಕೆ ಸೈಕಲ್: ದಾರಿಯಲ್ಲಿ ರಿಪೇರಿಗೆ ಯಾರನ್ನು ನಂಬುವುದು

ಪುಣೆಯಿಂದ ತಾಮ್ಹಿಣಿ ಘಾಟ್ ಇಳಿದು, ಹರಿಹರೇಶ್ವರದಲ್ಲಿ ಸಮುದ್ರ ಕಂಡು, ಅಲ್ಲಿಂದ ಕೊಂಕಣದ ಕರಾವಳಿ ರಸ್ತೆಯನ್ನೇ ಹಿಡಿದು ಗೋವಾ ಸೇರುವ ಸೈಕಲ್ ಪ್ರಯಾಣವನ್ನು ಡಿಸೆಂಬರ್ ತಿಂಗಳಲ್ಲಿ ನಾವು ಮೂವರು ಒಂಬತ್ತು ದಿನಗಳಲ್ಲಿ ಮುಗಿಸಿದೆವು. ಮೂವರೂ ಪಿಂಪ್ರಿ-ಚಿಂಚ್‌ವಡದಲ್ಲಿ ನೌಕರಿ ಮಾಡಿಕೊಂಡಿರುವ ಉತ್ತರ ಕರ್ನಾಟಕದವರು. ಮರಳಿ ಬಂದ ಮೇಲೆ ಇಲ್ಲಿಯ ಕನ್ನಡ ಬಳಗದಲ್ಲಿ ಅನೇಕರು ವಸತಿ ಎಲ್ಲಿ, ಊಟ ಎಲ್ಲಿ, ವಾಹನ ದಾಟಿಸುವ ಬಾರ್ಜ್ ದೋಣಿ ಎಷ್ಟು ಹೊತ್ತಿಗೆ ಎಂದೆಲ್ಲ ವಿಚಾರಿಸಿದರು. ಸೈಕಲ್ ಕೆಟ್ಟರೆ ಏನು ಮಾಡಿದಿರಿ ಎಂದು ಕೇಳಿದವರು ಮಾತ್ರ ಒಬ್ಬರೂ ಇರಲಿಲ್ಲ. ಒಂಬತ್ತು ದಿನಗಳಲ್ಲಿ ನಮ್ಮ ತಲೆಯನ್ನು ಹೆಚ್ಚಾಗಿ ತಿಂದದ್ದು ಅದೇ ಆದ್ದರಿಂದ ಇಲ್ಲಿ ಅದೊಂದನ್ನೇ ಬರೆಯುತ್ತೇನೆ.

ತಪ್ಪು ಪುಣೆಯಲ್ಲಿಯೇ ಆಗಿತ್ತು. ಹೊರಡುವ ಎರಡು ದಿನ ಮೊದಲು ನನ್ನ ಸೈಕಲ್ಲನ್ನು ನಗರದ ದೊಡ್ಡ ಅಂಗಡಿಯೊಂದಕ್ಕೆ ಫುಲ್ ಸರ್ವಿಸ್‌ಗೆ ಕೊಟ್ಟೆ. ಅವರು ತೊಳೆದು, ಚೈನಿಗೆ ಎಣ್ಣೆ ಬಿಟ್ಟು, ಫ್ರೇಮಿಗೆ ಹೊಳಪು ಕೊಟ್ಟು, ಒಂದೂವರೆ ಸಾವಿರ ತೆಗೆದುಕೊಂಡು ಕಳಿಸಿದರು. ಹಿಂದಿನ ಚಕ್ರದ ಕಡ್ಡಿಗಳನ್ನು ಯಾರೂ ಮುಟ್ಟಿಯೇ ನೋಡಿರಲಿಲ್ಲ ಎಂಬುದು ಐದನೆಯ ದಿನ ತಿಳಿಯಿತು. ಸರ್ವಿಸ್ ಮಾಡಿಸುವುದಾದರೆ ಮೂರು ವಾರ ಮೊದಲೇ ಮಾಡಿಸಿ, ಆಮೇಲೆ ಪ್ರವಾಸದಲ್ಲಿ ಹೊರುವಷ್ಟೇ ಹೊರೆ ಹೇರಿಕೊಂಡು ಮುಳಶಿಗೋ ಸಿಂಹಗಡದ ಬುಡಕ್ಕೋ ಒಂದು ದಿನ ಹೋಗಿ ಬನ್ನಿ. ಹಿಂದಿನ ಚಕ್ರವನ್ನು ಎತ್ತಿ ಹಿಡಿದು ಒಂದೇ ಬದಿಯ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿದರೆ ನಾದ ಹೆಚ್ಚುಕಡಿಮೆ ಒಂದೇ ಇರಬೇಕು; ನಡುವೆ ಒಂದೆರಡು ಮಂದವಾಗಿ ಸದ್ದು ಮಾಡಿದರೆ ಆ ಚಕ್ರ ಹೊರೆ ಹೊತ್ತು ಘಟ್ಟ ಹತ್ತಲು ಸಿದ್ಧವಾಗಿಲ್ಲ. ಇದಕ್ಕೆ ಸಂಗೀತದ ಕಿವಿ ಬೇಕಿಲ್ಲ.

ಪುಣೆ, ಮುಂಬೈಗಳಲ್ಲಿ ಗೇರ್ ಸೈಕಲ್ ಬಲ್ಲ ಅಂಗಡಿಗಳಿಗೆ ಬರವಿಲ್ಲ. ಡೆಕಾತ್ಲಾನ್‌ನ ವರ್ಕ್‌ಶಾಪ್‌ಗಳೂ ಇವೆ. ಮಾಣಗಾವ್ ದಾಟಿ ಕರಾವಳಿಗೆ ಇಳಿದ ಮೇಲೆ ಚಿತ್ರ ಬೇರೆ. ಬಾಗಮಾಂಡ್ಲಾದಿಂದ ವೇಸವಿಗೆ, ದಾಭೋಳದಿಂದ ಧೋಪಾವೆಗೆ, ತವಸಾಳದಿಂದ ಜಯಗಡಕ್ಕೆ ಎಂದು ಬಾರ್ಜಿನಲ್ಲಿ ಖಾರಿಗಳನ್ನು, ಅಂದರೆ ಸಮುದ್ರದ ನೀರು ಒಳನುಗ್ಗುವ ನದೀಮುಖಗಳನ್ನು, ದಾಟುತ್ತ ರತ್ನಾಗಿರಿ ಮುಟ್ಟುವವರೆಗೆ ನಮಗೆ ಸಿಕ್ಕಿದ್ದು ಸಾದಾ ಸೈಕಲ್ಲಿನ ಅಂಗಡಿಗಳು, ಬೈಕ್ ಗ್ಯಾರೇಜುಗಳು, ಪಂಕ್ಚರ್ ಅಂಗಡಿಗಳು ಮಾತ್ರ. ಗೇರ್ ಸೈಕಲ್ಲಿನ ಸಾಮಾನು ಇಟ್ಟ ಅಂಗಡಿ ರತ್ನಾಗಿರಿಯಲ್ಲಿ ಸಿಕ್ಕಿತು. ಅದರ ನಂತರ ಮತ್ತೆ ಸಿಕ್ಕಿದ್ದು ಗೋವಾದ ಮಾಪುಸಾದಲ್ಲಿ. ಮೊಬೈಲ್ ನಕ್ಷೆಯಲ್ಲಿ ಸೈಕಲ್ ಅಂಗಡಿ ಎಂದು ಕಾಣುವ ಚುಕ್ಕೆಗಳಲ್ಲಿ ಅನೇಕವು ಮಕ್ಕಳ ಸೈಕಲ್ ಮಾರುವ ಅಂಗಡಿಗಳು. ಅಲ್ಲಿ ಹಾಕಿರುವ ಫೋಟೋಗಳಲ್ಲಿ ಬಿಚ್ಚಿದ ಚಕ್ರವಾಗಲಿ ಎಣ್ಣೆ ಮೆತ್ತಿದ ಹಲಗೆಯಾಗಲಿ ಕಾಣದಿದ್ದರೆ ನಾನು ಹತ್ತು ಕಿಲೋಮೀಟರ್ ಸುತ್ತು ಹಾಕಿ ಅಲ್ಲಿಗೆ ಹೋಗುವುದಿಲ್ಲ, ಮೊದಲು ಫೋನ್ ಮಾಡುತ್ತೇನೆ.

ಧೋಪಾವೆಯಲ್ಲಿ ಬಾರ್ಜ್ ಇಳಿದು ಏರು ಹತ್ತುವಾಗ ಹಿಂದಿನಿಂದ ಟಣ್ ಎಂಬ ಸದ್ದು ಬಂತು. ಬಲಬದಿಯ, ಅಂದರೆ ಗೇರಿನ ಬದಿಯ ಕಡ್ಡಿಯೊಂದು ಚಕ್ರದ ನಡುವಿನ ಹಬ್ಬಿಗೆ (hub) ಸಿಕ್ಕಿಸುವ ಬಾಗಿನಲ್ಲಿ ಮುರಿದಿತ್ತು. ಚಕ್ರ ಎಡಕ್ಕೆ ವಾಲಿ ಟೈರು ಫ್ರೇಮಿಗೆ ಉಜ್ಜತೊಡಗಿತು. ಬಿಡಿ ಕಡ್ಡಿ ನಾನು ತಂದಿರಲಿಲ್ಲ. ತಂದಿದ್ದರೂ ಕ್ಯಾಸೆಟ್ (ಹಿಂದಿನ ಗೇರಿನ ಹಲ್ಲುಚಕ್ರಗಳ ಗೊಂಚಲು) ಬಿಚ್ಚುವ ಟೂಲ್ ಇಲ್ಲದೆ ಆ ಬದಿಗೆ ಹೊಸ ಕಡ್ಡಿ ತೂರಿಸಲಾಗದು. ನಡೆದು, ಒಂದಿಷ್ಟು ದೂರ ಟೆಂಪೋ ಹತ್ತಿ, ಗುಹಾಗರದ ದಾರಿಯಲ್ಲಿರುವ ಶೃಂಗಾರತಳಿ ಪೇಟೆಯನ್ನು ಸೇರಿದೆವು. ಅಲ್ಲಿ ಸಾದಾ ಸೈಕಲ್ ರಿಪೇರಿ ಮಾಡುವ ಅರವತ್ತು ದಾಟಿದ ಹಿರಿಯರೊಬ್ಬರು ಇದ್ದರು. ನಾನು ಮರಾಠಿಯಲ್ಲಿ ‘ಚಾಕಾಚಾ ಆಊಟ್ ಕಾಢೂನ್ ದ್ಯಾ’ ಎಂದೆ. ಚಕ್ರದ ಬೆಂಡ್ ತೆಗೆಯುವುದಕ್ಕೆ ಈ ಭಾಗದಲ್ಲಿ ಹಾಗೆಯೇ ಹೇಳುತ್ತಾರೆ, ಕಡ್ಡಿಗೆ ‘ತಾರ್’ ಎನ್ನುತ್ತಾರೆ. ಈ ಎರಡು ಮಾತು ಬಂದರೆ ಅರ್ಧ ಕೆಲಸ ಆದಂತೆ.

ಅವರು ತಕ್ಷಣ ಇಕ್ಕಳಕ್ಕೆ ಕೈ ಹಾಕಲಿಲ್ಲ. ಚಕ್ರ ತಿರುಗಿಸಿ ನೋಡಿದರು, ಕ್ಯಾರಿಯರ್ ಬದಿಗೆ ತೂಗುಹಾಕುವ ಚೀಲವಾದ ಪ್ಯಾನಿಯರ್ ಎತ್ತಿ ಭಾರ ಅಂದಾಜು ಮಾಡಿದರು, ಮುರಿದ ತುಂಡನ್ನು ತಮ್ಮಲ್ಲಿದ್ದ ಹದಿನಾಲ್ಕು ಗೇಜಿನ ಕಡ್ಡಿಯ ಪಕ್ಕಕ್ಕೆ ಹಿಡಿದು ದಪ್ಪ ಒಂದೇ ಎಂದು ಖಚಿತ ಮಾಡಿಕೊಂಡರು. ಅವರ ಕಡ್ಡಿ ಅಳತೆಯಲ್ಲಿ ಉದ್ದವಾಗಿತ್ತು, ನಮಗೆ ಅನುಕೂಲವಾದದ್ದು ಅದೇ. ತಲೆಯ ಭಾಗವನ್ನು ಕತ್ತರಿಸಿ ಹಾಕಿ, ತುದಿಯನ್ನು ಇಂಗ್ಲಿಷಿನ ಝಡ್ ಅಕ್ಷರದಂತೆ ಬಗ್ಗಿಸಿ, ಕ್ಯಾಸೆಟ್ ಬಿಚ್ಚದೆಯೇ ಸಂದಿಯಿಂದ ಹಬ್ಬಿನ ತೂತಿಗೆ ಕೊಕ್ಕೆಯಂತೆ ಸಿಕ್ಕಿಸಿದರು. ರಿಮ್ಮಿನಲ್ಲಿ ಉಳಿದಿದ್ದ ಹಳೆಯ ನಿಪ್ಪಲ್ಲಿಗೇ, ಅಂದರೆ ಕಡ್ಡಿ ಬಿಗಿಯುವ ನಟ್ಟಿಗೇ, ಅದರ ತಿರುಪಿನ ಮರೆ ಕೂತಿತು, ಟೈರು ಕಳಚುವ ಪ್ರಮೇಯವೂ ಬರಲಿಲ್ಲ. ಆಮೇಲೆ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಫ್ರೇಮಿಗೆ ಒಂದು ಚಾಕ್‌ಪೀಸ್ ಹಿಡಿದು, ಗುರುತು ಬಿದ್ದ ಕಡೆಯೆಲ್ಲ ಕಾಲು ಸುತ್ತು, ಅರ್ಧ ಸುತ್ತು ಎಂದು ಚಾವಿ ತಿರುಗಿಸುತ್ತ ಮುಕ್ಕಾಲು ಗಂಟೆ ಕೂತರು. ಅರವತ್ತು ರೂಪಾಯಿ ಕೇಳಿದರು. ಇದು ರತ್ನಾಗಿರಿಯವರೆಗೆ ಮಾತ್ರ, ಅಲ್ಲಿ ಸರಿಯಾದ ಕಡ್ಡಿ ಹಾಕಿಸಿ ಎಂದೂ ಹೇಳಿದರು. ಒಂದೂವರೆ ಸಾವಿರದ ಬಿಲ್ಲು ಆಗ ನನ್ನ ಚೀಲದಲ್ಲಿಯೇ ಇತ್ತು.

ಅಂದಿನಿಂದ ನಾನು ಮೆಕ್ಯಾನಿಕ್ಕನ್ನು ಅಳೆಯುವುದು ಅಂಗಡಿಯ ಬೋರ್ಡಿನಿಂದಲ್ಲ, ಟೂಲ್ ಹಿಡಿಯುವ ಮೊದಲಿನ ಆ ಐದು ನಿಮಿಷಗಳಿಂದ. ಸೈಕಲ್ಲನ್ನು ನೋಡದೆಯೇ ದರ ಹೇಳುವವರ ಬಳಿ, ಸೈಕಲ್ ಬಿಟ್ಟು ಸಂಜೆ ಬನ್ನಿ ಎನ್ನುವವರ ಬಳಿ ಪ್ರವಾಸದ ನಡುವೆ ಕೆಲಸ ಮಾಡಿಸಬೇಡಿ. ಪಕ್ಕದಲ್ಲಿಯೇ ನಿಂತುಕೊಳ್ಳಿ, ಆರು ಮೂಲೆಯ ಕುಳಿಯಿರುವ ಅಲೆನ್ ಬೋಲ್ಟಿಗೆ ಇಕ್ಕಳ ಹಾಕುವುದು ಕಂಡರೆ ನಿಮ್ಮದೇ ಕೀಲಿಯನ್ನು ಮುಂದೆ ಚಾಚಿ. ಯಾರೂ ಅದಕ್ಕೆ ಬೇಸರ ಮಾಡಿಕೊಂಡದ್ದನ್ನು ನಾನು ಕಾಣೆ.

ಟೈರಿನ ವಿಷಯದಲ್ಲಿ ಮಾತ್ರ ಅಂಗಡಿಯವರ ಮಾತಿಗಿಂತ ಟೈರಿನ ಬದಿಯಲ್ಲಿ ಅಚ್ಚಾಗಿರುವ ಅಂಕಿಗಳನ್ನೇ ನಂಬಬೇಕು. ನನ್ನದು 700 ಸಿ ಅಳತೆಯ ಚಕ್ರ. ಅದರ ರಿಮ್ಮಿನ ವ್ಯಾಸ 622 ಮಿಲಿಮೀಟರ್. ಇದನ್ನೇ ಕೆಲವರು 28 ಇಂಚು ಎನ್ನುತ್ತಾರೆ. ಆದರೆ ನಮ್ಮ ಹಳ್ಳಿಗಳ ಕಪ್ಪು ಸೈಕಲ್ಲಿನ 28 ಇಂಚು, ಅಂದರೆ 28 ಗುಣಿಸು ಒಂದೂವರೆ ಎಂದು ಬರೆದಿರುವುದು, 635 ಮಿಲಿಮೀಟರಿನದು. ಹದಿಮೂರು ಮಿಲಿಮೀಟರಿನ ಈ ವ್ಯತ್ಯಾಸದಿಂದ ಟೈರು ಸಡಿಲವಾಗಿ ಕೂತು, ಗಾಳಿ ತುಂಬಿದಾಗ ರಿಮ್ಮಿನಿಂದ ಹಾರಿ ಹೋಗುತ್ತದೆ. ಟ್ಯೂಬು ಹಿಗ್ಗುವ ವಸ್ತುವಾದ್ದರಿಂದ ಆಪತ್ತಿಗೆ ನಡೆಯುತ್ತದೆ, ಆದರೆ ಅಲ್ಲಿಯೂ ಒಂದು ತೊಡಕಿದೆ: ಸಾದಾ ಸೈಕಲ್ಲಿನ ವಾಲ್ವ್ ದಪ್ಪ, ತೆಳ್ಳಗಿನ ಪ್ರೆಸ್ಟಾ ವಾಲ್ವಿಗೆ ಕೊರೆದ ರಿಮ್ಮಿನ ತೂತಿನಲ್ಲಿ ಅದು ತೂರುವುದಿಲ್ಲ. ಆದ್ದರಿಂದ ಸರಿಯಾದ ಎರಡು ಟ್ಯೂಬು, ಮಡಚುವ ಒಂದು ಟೈರು ಜೊತೆಗಿರಲಿ. ಪ್ರೆಸ್ಟಾ ಇದ್ದವರು ಸಾದಾ ಪಂಪಿನಿಂದ ಗಾಳಿ ತುಂಬಲು ಹಿತ್ತಾಳೆಯ ಅಡಾಪ್ಟರ್ ಎರಡನ್ನು ಇಟ್ಟುಕೊಳ್ಳಬೇಕು, ಒಂದು ಖಂಡಿತ ಕಳೆಯುತ್ತದೆ. ನಮ್ಮ ಗೆಳೆಯನೊಬ್ಬನ ಹಳೆಯ ಉಕ್ಕಿನ ಸೈಕಲ್ಲಿಗೆ 26 ಇಂಚಿನ ಎಂಟಿಬಿ (ಮೌಂಟನ್ ಬೈಕ್) ಟೈರುಗಳಿದ್ದವು. ಅವನಿಗೆ ದಾಪೋಲಿಯಲ್ಲಿಯೂ ಮಾಲವಣದಲ್ಲಿಯೂ ಟ್ಯೂಬು ಸಿಕ್ಕಿತು, ನಮ್ಮ ಪೇಚಾಟ ನೋಡಿ ನಗಲು ಬೇಕಾದಷ್ಟು ಸಮಯವೂ ಸಿಕ್ಕಿತು.

ಬೈಕ್ ಗ್ಯಾರೇಜುಗಳು ಉಪಕಾರಿಗಳೇ. ಮುರಿದ ಉಕ್ಕಿನ ಕ್ಯಾರಿಯರ್‌ಗೆ ಪೂರ್ಣಗಡದ ಹತ್ತಿರ ಒಬ್ಬರು ಹತ್ತೇ ನಿಮಿಷದಲ್ಲಿ ವೆಲ್ಡಿಂಗ್ ಮಾಡಿಕೊಟ್ಟರು. ಆದರೆ ಅಲ್ಯೂಮಿನಿಯಂ ಫ್ರೇಮಿಗೆ ಅಂಥ ವೆಲ್ಡಿಂಗ್ ಮಾಡಿಸುವ ಯೋಚನೆಯನ್ನೇ ಬಿಡಿ. ಕೇಬಲ್ಲಿನ ಬದಲು ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಬ್ರೇಕಿನಲ್ಲಂತೂ ಇನ್ನೂ ಎಚ್ಚರ ಬೇಕು. ದೇವಗಡ ಸಮೀಪಿಸುವಾಗ ಇನ್ನೊಬ್ಬ ಗೆಳೆಯನ ಹಿಂದಿನ ಬ್ರೇಕಿನ ಲಿವರ್ ಹ್ಯಾಂಡಲ್‌ಗೆ ಅಂಟುವಷ್ಟು ಒಳಗೆ ಹೋಯಿತು. ಗ್ಯಾರೇಜಿನ ಹುಡುಗ ಸೀಲು ಒಡೆಯದ ಡಾಟ್ 4 ಬ್ರೇಕ್ ಆಯಿಲ್ ಬಾಟಲಿ ತಂದು ಈಗಲೇ ತುಂಬಿಸಿಕೊಡುತ್ತೇನೆ ಎಂದ. ಅವನ ಉದ್ದೇಶ ಒಳ್ಳೆಯದೇ. ಆದರೆ ಗೆಳೆಯನದು ಶಿಮಾನೋ ಬ್ರೇಕ್. ಅದಕ್ಕೆ ಬೇಕಾದದ್ದು ಮಿನರಲ್ ಆಯಿಲ್, ಡಾಟ್ ಆಯಿಲ್ ಬಿದ್ದರೆ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ. ಬೇಡವೆಂದು ಕೈಮುಗಿದು, ಮುಂದಿನ ಬ್ರೇಕೊಂದನ್ನೇ ನಂಬಿ, ಕಡಿದಾದ ಇಳಿಜಾರುಗಳನ್ನೆಲ್ಲ ನಡೆದೇ ಇಳಿದು ಎರಡು ದಿನ ಕಳೆದೆವು. ಈ ರಸ್ತೆ ನಕ್ಷೆಯಲ್ಲಿ ಸಮುದ್ರದ ಅಂಚಿನಲ್ಲಿ ಕಂಡರೂ ಪ್ರತಿ ಖಾರಿಗೂ ಇಳಿದು ಮತ್ತೆ ಜಂಬಿಟ್ಟಿಗೆಯ ಗುಡ್ಡ ಹತ್ತುವಂಥದು, ಬ್ರೇಕ್ ಪ್ಯಾಡು ಬೇಗ ಸವೆಯುತ್ತದೆ. ಹೊಸದಾಗಿ ಕೊಳ್ಳುವವರು ಕೇಬಲ್ಲಿನ ಡಿಸ್ಕ್ ಬ್ರೇಕೇ ಆರಿಸಲಿ ಎಂಬುದು ನನ್ನ ಅಭಿಪ್ರಾಯ.

ದಾರಿಯಲ್ಲಿ ಸಿಗದ ಭಾಗವನ್ನು ತರಿಸಿಕೊಳ್ಳಲು ಒಂದು ಉಪಾಯವಿದೆ. ರತ್ನಾಗಿರಿಗೆ ಬೇಕಾದ ಐದು ಕಡ್ಡಿಗಳನ್ನು ನಾನು ಪುಣೆಯ ಗೆಳೆಯನಿಂದ ರಾತ್ರಿ ಬಸ್ಸಿನ ಪಾರ್ಸೆಲ್‌ನಲ್ಲಿ ತರಿಸಿಕೊಂಡೆ. ಬೆಳಿಗ್ಗೆ ಬಸ್ ನಿಂತಲ್ಲಿ ಹೋಗಿ ಪಡೆದದ್ದಷ್ಟೇ. ಇದಕ್ಕಾಗಿ ಕಡ್ಡಿಯ ಉದ್ದ, ಕ್ಯಾಸೆಟ್ಟಿನ ಹಲ್ಲು, ಚೈನು ಎಷ್ಟು ಸ್ಪೀಡಿನದು ಎಂಬುದನ್ನೆಲ್ಲ ಫೋನಿನಲ್ಲಿ ಬರೆದಿಟ್ಟುಕೊಳ್ಳಬೇಕು. ರಿಪೇರಿಯನ್ನು ಬೆಳಗಿನ ಹೊತ್ತಿಗೇ ಇಟ್ಟುಕೊಳ್ಳಿ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿ ಮುಚ್ಚುವುದು ಪುಣೆಯದಷ್ಟೇ ಗುಣವಲ್ಲ, ಕೊಂಕಣ ಮತ್ತು ಗೋವಾದಲ್ಲಿಯೂ ಹಾಗೆಯೇ. ಗಣೇಶ ಚೌತಿ ಮತ್ತು ಶಿಮಗಾದ (ಕೊಂಕಣದ ಹೋಳಿ ಹಬ್ಬದ) ದಿನಗಳಲ್ಲಂತೂ ಯಾರೂ ಸಿಗುವುದಿಲ್ಲ.

ತೇರೆಖೋಲ್ ನದಿಯನ್ನು ಫೆರಿಯಲ್ಲಿ ದಾಟಿ ಗೋವಾದ ಕೇರಿ ಎಂಬ ಊರಿನಲ್ಲಿ ಇಳಿದ ಮೇಲೆ ಭಾಷೆಯ ಚಿಂತೆ ಕಳೆಯಿತು. ಮಾಪುಸಾದಲ್ಲಿ ಬ್ರೇಕಿಗೆ ಮಿನರಲ್ ಆಯಿಲ್ ತುಂಬಿಸಿಕೊಂಡೆವು. ಮಡಗಾಂವದಲ್ಲಿ ಗೋವಾ ಎಕ್ಸ್‌ಪ್ರೆಸ್ ಹತ್ತುವ ಮೊದಲು ಸೈಕಲ್ಲುಗಳನ್ನು ಪಾರ್ಸೆಲ್ ಆಫೀಸಿನಲ್ಲಿ ಬುಕ್ ಮಾಡಬೇಕಿತ್ತು, ಪೆಡಲ್ ಬಿಚ್ಚಿಟ್ಟರೆ ಒಳ್ಳೆಯದೆಂದು ಕೂತೆವು. ಬಲಗಡೆಯದು ಬಂತು, ಎಡಗಡೆಯದು ಮೂವರು ಜೋತುಬಿದ್ದರೂ ಅಲುಗಲಿಲ್ಲ. ಹತ್ತಿರದ ಪಂಕ್ಚರ್ ಅಂಗಡಿಯ ಹುಡುಗ ನಮ್ಮ ಮಾತು ಕೇಳಿಸಿಕೊಂಡು ಎದ್ದು ಬಂದ, ಬಾಗಲಕೋಟೆ ಕಡೆಯವನು. ‘ಅಣ್ಣಾರ, ಎಡಗಡೀದು ಉಲ್ಟಾ ಮರಿ ಇರತೈತ್ರಿ, ನೀವು ಬಿಚ್ಚಾಕತ್ತಿಲ್ಲ, ಬಿಗಿ ಮಾಡಾಕತ್ತೀರಿ’ ಎಂದು ಪಾನಾವನ್ನು ನನ್ನ ಕೈಯಿಂದ ತೆಗೆದುಕೊಂಡ.