ಆರು ತಿಂಗಳು ಬಿಸಿಲಿದ್ದರೂ ಧ್ರುವದ ಹಿಮ ಯಾಕೆ ಕರಗಲ್ಲ?

"ಧ್ರುವದಲ್ಲಿ ಆರು ತಿಂಗಳು ಸೂರ್ಯ ಮುಳುಗೋದೇ ಇಲ್ಲವಂತೆ, ಮತ್ತೆ ಹಿಮ ಯಾಕೆ ಕರಗಲ್ಲ?" ಕೇಳಿದವರಿಗೆಲ್ಲ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಇದನ್ನೇ ಓದಿಕೊಳ್ಳಿ.

ಮೊದಲಿಗೆ, ಯಾವ ಧ್ರುವ? ಎರಡನ್ನೂ ಒಂದೇ ಊರಿನಂತೆ ಮಾತಾಡಿದರೆ ಉತ್ತರ ಹೇಳಲು ಆಗುವುದಿಲ್ಲ. ಉತ್ತರ ಧ್ರುವದಲ್ಲಿರುವುದು ಸಮುದ್ರ. ನಾಲ್ಕು ಸಾವಿರ ಮೀಟರ್ ಆಳದ ನೀರಿನ ಮೇಲೆ ಎರಡು ಮೂರು ಮೀಟರ್ ದಪ್ಪದ ಮಂಜುಗಡ್ಡೆ ತೇಲುತ್ತಿದೆ. ಅದು ಬೇಸಿಗೆಯಲ್ಲಿ ಕರಗುತ್ತದೆ, ಗಡ್ಡೆಯ ಮೇಲೆಲ್ಲ ನೀಲಿ ಕೊಳಗಳು ನಿಲ್ಲುತ್ತವೆ. ಆದರೆ ಒಂದು ಗ್ರಾಂ ಮಂಜುಗಡ್ಡೆ ನೀರಾಗಲು 80 ಕ್ಯಾಲರಿ ಶಾಖ ಬೇಕು. ಬಂದ ಶಾಖ ಅದಕ್ಕೇ ಖರ್ಚಾಗಿ, ಜುಲೈನಲ್ಲೂ ಗಾಳಿಯ ಉಷ್ಣಾಂಶ ಸೊನ್ನೆಯ ಆಸುಪಾಸಿನಲ್ಲೇ ಉಳಿಯುತ್ತದೆ.

ಕರಗದಿರುವುದು ದಕ್ಷಿಣದ್ದು. "ಕಿರಣ ಓರೆಯಾಗಿ ಬೀಳುತ್ತದೆ" ಎಂದು ಶಾಲೆಯಲ್ಲಿ ಕಲಿತದ್ದು ಅರ್ಧ ಉತ್ತರ. ಅಲ್ಲಿ ಸೂರ್ಯ 23.5 ಡಿಗ್ರಿಗಿಂತ ಮೇಲೇರುವುದಿಲ್ಲ, ನಿಜ. ನೆತ್ತಿಯ ಮೇಲಿದ್ದಾಗ ಒಂದು ಚದರ ಮೀಟರಿಗೆ ಬೀಳುವ ಬಿಸಿಲು ಅಲ್ಲಿ ಎರಡೂವರೆ ಚದರ ಮೀಟರಿಗೆ ಹಂಚಿಹೋಗುತ್ತದೆ. ಆದರೆ 24 ಗಂಟೆಯೂ ಬೀಳುತ್ತದಲ್ಲ! ಡಿಸೆಂಬರ್ 21ರ ಸುಮಾರಿಗೆ ವಾತಾವರಣದ ನೆತ್ತಿಗೆ ತಲುಪುವ ಇಡೀ ದಿನದ ಬಿಸಿಲನ್ನು ಕೂಡಿದರೆ, ಸಮಭಾಜಕ ವೃತ್ತಕ್ಕಿಂತ ದಕ್ಷಿಣ ಧ್ರುವಕ್ಕೇ ಹೆಚ್ಚು. ಬಂದದ್ದು ನಿಲ್ಲುವುದಿಲ್ಲ, ಅಷ್ಟೇ. ಬೆಳ್ಳಗಿನ ಒಣ ಹಿಮ ನೂರರಲ್ಲಿ 80 ಪಾಲಿಗೂ ಹೆಚ್ಚನ್ನು ವಾಪಸ್ ಅಟ್ಟುತ್ತದೆ. ಮೇಲಾಗಿ ಆ ಜಾಗ ಸಮುದ್ರಮಟ್ಟದಿಂದ 2,835 ಮೀಟರ್ ಎತ್ತರದಲ್ಲಿದೆ, ಆ ಎತ್ತರದ ಬಹುಪಾಲು ಮಂಜುಗಡ್ಡೆಯೇ. ಅಲ್ಲಿನ ತೆಳುವಾದ ಒಣ ಗಾಳಿಗೆ ಶಾಖ ಹಿಡಿದಿಡುವ ಶಕ್ತಿಯಿಲ್ಲ. 2011ರ ಡಿಸೆಂಬರ್ 25ರಂದು ದಾಖಲೆಯ ಬಿಸಿ ಎಂದು ಬರೆದುಕೊಂಡದ್ದೇ ಮೈನಸ್ 12.3 ಡಿಗ್ರಿ. ಸೊನ್ನೆಯನ್ನೇ ಮುಟ್ಟದಿದ್ದರೆ ಕರಗುವುದೆಲ್ಲಿ ಬಂತು?

ನೀವು ಕೇಳಬೇಕಾದದ್ದು ಬೇರೆ: ಬಿಸಿಲನ್ನು ವಾಪಸ್ ಅಟ್ಟುವ ಆ ಬಿಳುಪು ಹೋದರೆ ಏನಾಗುತ್ತದೆ?

ಭಾರತದ ಮೈತ್ರಿ ನಿಲ್ದಾಣವಿರುವ ಶಿರ್ಮಾಕರ್ ಓಯಸಿಸ್ ನೋಡಿ. ಸುತ್ತ ಅಂಟಾರ್ಕ್ಟಿಕದ ಹಿಮ, ನಡುವೆ ಬರೀ ಕಂದು ಬಂಡೆ. ಬಂಡೆ ಬಿಸಿಲನ್ನು ಹೀರಿಕೊಂಡು ಕಾಯುತ್ತದೆ, ಪಕ್ಕದ ಹಿಮ ಕರಗಿ ನೂರಕ್ಕೂ ಹೆಚ್ಚು ಕೆರೆಗಳಾಗಿವೆ. ಮೈತ್ರಿಗೆ ನೀರು ಬರುವುದು ಅಂಥದೇ ಪ್ರಿಯದರ್ಶಿನಿ ಕೆರೆಯಿಂದ.

ಇದೇ ಕೆಲಸ ಆರ್ಕ್ಟಿಕ್‌ನಲ್ಲಿ ಸಮುದ್ರದ ಅಳತೆಯಲ್ಲಿ ನಡೆಯುತ್ತಿದೆ. ಗಡ್ಡೆ ಸರಿದಲ್ಲಿ ಕಪ್ಪು ನೀರು ಮೇಲೆ ಕಾಣುತ್ತದೆ, ಅದು ಬಿಸಿಲಿನ ನೂರರಲ್ಲಿ 90 ಪಾಲಿಗೂ ಹೆಚ್ಚನ್ನು ನುಂಗುತ್ತದೆ. ಆ ಶಾಖ ಶರತ್ಕಾಲದಲ್ಲಿ ಗಾಳಿಗೆ ಏರುತ್ತದೆ, ನೀರು ಹೆಪ್ಪುಗಟ್ಟುವುದು ತಡವಾಗುತ್ತದೆ, ಹೊಸ ಗಡ್ಡೆ ತೆಳುವಾಗಿ ಮುಂದಿನ ಬೇಸಿಗೆಗೆ ಬೇಗ ಒಡೆಯುತ್ತದೆ. ಅಲ್ಲಿ ಬೇಸಿಗೆಗಿಂತ ಚಳಿಗಾಲವೇ ವೇಗವಾಗಿ ಬಿಸಿಯಾಗುತ್ತಿರಲು ಇದೊಂದು ದೊಡ್ಡ ಕಾರಣ.