ಲಾಂಗಾ, ವಠಾರಾನಾ?

ಇಷ್ಟದ ಹಳೇ ಸಿನಿಮಾ ಯಾವುದು ಅಂತ ಕೇಳಿದರೆ ನಮ್ಮ ಗೆಳೆಯರಲ್ಲಿ ಅರ್ಧ ಜನ ಯೋಚನೆಯನ್ನೂ ಮಾಡದೆ 'ಓಂ' ಅನ್ನುತ್ತಾರೆ. 1995ರ ಸಿನಿಮಾ, ಉಪೇಂದ್ರ ನಿರ್ದೇಶನ, ಶಿವಣ್ಣನ ಕೈಲಿ ಲಾಂಗು, ಎಷ್ಟು ಸಲ ಮತ್ತೆ ಥಿಯೇಟರಿಗೆ ಬಂದರೂ ಅದೇ ಶಿಳ್ಳೆ. ಸರಿ, ಒಪ್ಪಿದೆ.

ಆದರೆ ನನ್ನ ಓಟು 'ಗಣೇಶನ ಮದುವೆ'ಗೆ. ಒಂದೇ ವಠಾರದಲ್ಲಿ ದಿನಾ ಕಿತ್ತಾಡುವ ಅನಂತ್ ನಾಗ್, ವಿನಯಾ ಪ್ರಸಾದ್, ಅತ್ತ ಕಾಗದದಲ್ಲಿ ಗುರುತೇ ಇಲ್ಲದೆ ಪ್ರೀತಿ ಮಾಡುತ್ತಿರುವವರೂ ಅವರಿಬ್ಬರೇ! ನಿರ್ದೇಶಕ ಫಣಿ ರಾಮಚಂದ್ರ ಇಷ್ಟರಲ್ಲೇ ಇಡೀ ಸಿನಿಮಾ ನಗಿಸುತ್ತಾರೆ. ಓನರ್ ಆಗಿ ಮುಖ್ಯಮಂತ್ರಿ ಚಂದ್ರು ಬಂದು ನಿಂತರೆ ಸಾಕು, ಡೈಲಾಗಿಗೆ ಮುಂಚೆಯೇ ನಮ್ಮಮ್ಮನ ನಗು ಶುರು (ಬಾಡಿಗೆ ಮನೆಯ ಅನುಭವ ಜಾಸ್ತಿ, ಅಲ್ವಾ). 'ಓಂ' ಗುಂಪಿನವರು ಭಾನುವಾರ ಕಾಫಿಗೆ ಬರುತ್ತಾರಂತೆ. ಬಾಗಿಲು ಹಾಕಿ ಈ ಸಿನಿಮಾ ತೋರಿಸುತ್ತೇನೆ.