ಶಿಕಾಗೋದ ಹಳೇ ಬಾರಿನಲ್ಲಿ ಎಲ್ಲಿ ಕೂರಬೇಕು, ಟಿಪ್ಸ್ ಎಷ್ಟು ಕೊಡಬೇಕು?

ಕಂಪನಿ ಕೆಲಸದ ಮೇಲೆ ಶಿಕಾಗೋಗೆ ಹೊರಟವರು ನನ್ನನ್ನು ಪದೇ ಪದೇ ಕೇಳುವುದು ಇದನ್ನೇ: ಡೌನ್‌ಟೌನಿನ ಹಳೇ ಬಾರ್ ಅಂಡ್ ರೆಸ್ಟೋರೆಂಟಿಗೆ ಒಬ್ಬರೇ ಹೋದರೆ ಎಲ್ಲಿ ಕೂರಬೇಕು, ಟಿಪ್ಸ್ ಎಷ್ಟು?

ಬಾರ್ ಕೌಂಟರಿನಲ್ಲೇ ಕೂರಿ. ಆಡಮ್ಸ್ ಸ್ಟ್ರೀಟಿನ ಬರ್ಗಾಫ್ ಇಂಥ ಜಾಗಗಳಲ್ಲಿ ನನಗೆ ಅಚ್ಚುಮೆಚ್ಚು. ಜರ್ಮನಿಯಿಂದ ಬಂದ ಹರ್ಮನ್ ಬರ್ಗಾಫ್ 1898ರಲ್ಲಿ ತಮ್ಮ ಬಿಯರ್ ಮಾರಲು ತೆರೆದದ್ದು; 1933ರಲ್ಲಿ ಪಾನನಿಷೇಧ ತೆರವಾದಾಗ ನಗರದ ಮೊದಲ ಮದ್ಯದ ಲೈಸೆನ್ಸ್ ಸಿಕ್ಕಿದ್ದೂ ಇದಕ್ಕೇ. ಅದರ ಬಾರಿಗೆ 1969ರವರೆಗೆ ಹೆಂಗಸರನ್ನು ಬಿಡುತ್ತಿರಲಿಲ್ಲ. ಇಂಥ ಕಡೆ ಟೇಬಲ್ ಬೇಕಾದರೆ ಬಾಗಿಲ ಬಳಿ ಹೆಸರು ಹೇಳಿ ಕಾಯಬೇಕು. ಕೌಂಟರಿನಲ್ಲಿ ಸಾಮಾನ್ಯವಾಗಿ ಖಾಲಿ ಸ್ಟೂಲ್ ಕಂಡರೆ ಕೂತರಾಯಿತು, ಊಟವೂ ಅಲ್ಲಿಗೇ ಬರುತ್ತದೆ.

ಕುಡಿಯಲು 21 ತುಂಬಿರಬೇಕು. ತಲೆ ನರೆತಿದ್ದರೂ ಕೇಳುವವರಿದ್ದಾರೆ, ಅಸಲಿ ಪಾಸ್‌ಪೋರ್ಟ್ ಜೇಬಿನಲ್ಲಿರಲಿ. ಪೆಗ್ ಲೆಕ್ಕ ಅಲ್ಲಿಲ್ಲ. ಒಂದು ಶಾಟ್ ಎಂದರೆ ಸಾಮಾನ್ಯವಾಗಿ ಒಂದೂವರೆ ಔನ್ಸ್, ಸುಮಾರು 44 ಮಿ.ಲೀ. ಐಸ್ ಬೇಡವಾದರೆ ‘ನೀಟ್’ ಎನ್ನಿ.

ಸಸ್ಯಾಹಾರಿಗಳು ಮಾಂಸ ಕಾಣದ ತಿಂಡಿಯನ್ನೂ ವಿಚಾರಿಸಿಯೇ ತರಿಸಬೇಕು. ತರಕಾರಿ ಸೂಪಿಗೆ ಕೋಳಿ ಬೇಯಿಸಿದ ನೀರು ಬಿದ್ದಿರಬಹುದು, ಫ್ರೆಂಚ್ ಫ್ರೈಸ್ ಮೀನು ಕರಿದ ಎಣ್ಣೆಯಲ್ಲೇ ಬೆಂದಿರಬಹುದು. ಸೀಸರ್ ಸಲಾಡಿನ ಡ್ರೆಸ್ಸಿಂಗಿಗೆ ಆಂಚೊವಿ ಮೀನು ಹಾಕುವುದುಂಟು; ಬ್ಲಡಿ ಮೇರಿ ಎಂಬ ಕಾಕ್‌ಟೇಲಿಗೆ ಬೀಳುವ ವೂಸ್ಟರ್ ಸಾಸಿನಲ್ಲೂ ಅದೇ ಮೀನಿರುತ್ತದೆ.

ನಮ್ಮವರು ಹೆಚ್ಚು ಗಾಬರಿಯಾಗುವುದು ಬಿಲ್ ಬಂದಾಗ. ಊಟ, ಬಿಯರ್ ಸೇರಿ 40 ಡಾಲರ್, ತೆರಿಗೆ ಕೂಡಿ 44.70 ಆಯಿತೆನ್ನಿ. ಕಾರ್ಡ್ ಒಯ್ದು ಉಜ್ಜಿ, ಎರಡು ಚೀಟಿ ತಂದಿಡುತ್ತಾರೆ. ಒಂದರಲ್ಲಿ ಟಿಪ್ ಎಂದಿರುವ ಕಡೆ 8.00, ಟೋಟಲ್ ಎಂದಿರುವ ಕಡೆ 52.70 ಬರೆದು ಸಹಿ ಹಾಕಿ ಅಲ್ಲೇ ಬಿಡಿ, ಇನ್ನೊಂದು ನಿಮಗೆ. ತೆರಿಗೆಗೆ ಮುಂಚಿನ ಮೊತ್ತದ ಮೇಲೆ ಶೇ. 18ರಿಂದ 20 ವಾಡಿಕೆ. ಬರೀ ಒಂದು ಬಿಯರ್ ಕುಡಿದರೆ ಒಂದೆರಡು ಡಾಲರ್ ಸಾಕು. ಬ್ಯಾಂಕಿನ ಮೊದಲ ಮೆಸೇಜಿನಲ್ಲಿ 44.70, ಆಮೇಲೆ ಸ್ಟೇಟ್‌ಮೆಂಟಿನಲ್ಲಿ 52.70 ಕಂಡರೆ ಮೋಸವೆಂದು ಕಾರ್ಡ್ ಬ್ಲಾಕ್ ಮಾಡಿಸಬೇಡಿ. ನೀವು ಬರೆದ ಟಿಪ್ಸನ್ನು ಅವರು ಸೇರಿಸುವುದು ನೀವು ಎದ್ದು ಹೋದ ಮೇಲೆ. ಗುಂಪಾಗಿ ಹೋದಾಗ ಮಾತ್ರ ‘ಗ್ರಾಚುಯಿಟಿ’ (ಅಲ್ಲಿ ಟಿಪ್ಸಿಗೇ ಇನ್ನೊಂದು ಹೆಸರು) ಆಗಲೇ ಬಿಲ್ಲಿನಲ್ಲಿ ಸೇರಿದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಎರಡು ಸಲ ಕೊಟ್ಟಂತಾಗುತ್ತದೆ.

ಟಿಪ್ಸ್ ದಾನವಲ್ಲ. ಟಿಪ್ಸ್ ಪಡೆಯುವ ಕೆಲಸಗಾರರಿಗೆ ಗಂಟೆಗೆ 2.13 ಡಾಲರ್ ಕೂಲಿ ಕೊಟ್ಟರೂ ಸಾಕು ಎನ್ನುತ್ತದೆ ಅಲ್ಲಿನ ಫೆಡರಲ್ ಕಾನೂನು, 1991ರಿಂದ ಅದು ಒಂದು ಸೆಂಟೂ ಏರಿಲ್ಲ. ಶಿಕಾಗೋ ಇರುವ ಇಲಿನಾಯ್ ರಾಜ್ಯದಲ್ಲಿ ಇದಕ್ಕಿಂತ ಹೆಚ್ಚಿದ್ದರೂ ಅವರ ಮನೆ ನಡೆಯುವುದು ಬಹುಪಾಲು ಟಿಪ್ಸಿನಿಂದಲೇ. ಊಟ ರುಚಿಸದಿದ್ದರೆ ಹೇಳಿ, ಬದಲಿಸಿ ಕೊಡುತ್ತಾರೆ. ಅಡುಗೆಮನೆಯ ತಪ್ಪಿಗೆ ಬಡಿಸಿದವರ ಸಂಪಾದನೆ ಕತ್ತರಿಸುವುದು ಅನ್ಯಾಯ.

‘ಟ್ಯಾಬ್ ಓಪನ್ ಇರಲಿ’, ಅಂದರೆ ಎಲ್ಲದರ ಲೆಕ್ಕ ಕೊನೆಗೆ ಒಟ್ಟಿಗೇ ಆಗಲಿ ಎಂದು ಕಾರ್ಡ್ ಕೊಟ್ಟಿದ್ದರೆ ಏಳುವ ಮುಂಚೆ ಕ್ಲೋಸ್ ಮಾಡಿಸಿ. ಮರೆತು ಹೋದರೆ ಎಷ್ಟೋ ಬಾರುಗಳು ರಾತ್ರಿ ತಾವೇ ಶೇ. 20 ಸೇರಿಸಿ ಮುಗಿಸುತ್ತವೆ. ಭಾರತದ ಕಾರ್ಡಾದರೆ ಬ್ಯಾಂಕಿನ ಆ್ಯಪಿನಲ್ಲಿ ಇಂಟರ್‌ನ್ಯಾಷನಲ್ ಬಳಕೆಯನ್ನು ಊರು ಬಿಡುವ ಮೊದಲೇ ಆನ್ ಮಾಡಿಕೊಳ್ಳಿ.